ಬೋರ್ಡಿನಂಗಡಿ: ರಸ್ತೆ ಅಗಲವಾಯ್ತು, ಹೆಸರು ಎಲ್ಲಿ ಬರೆಯೋಣ?

ಕಳೆದ ಸಂಚಿಕೆಯಲ್ಲಿ ಅಂಗಡಿ ಬೋರ್ಡಿಗೆ ಯಾವ ಬಣ್ಣ ಹೊಂದುತ್ತದೆ ಅಂತ ಬರೆದಿದ್ದೆ. ಬಂದ ಪತ್ರಗಳಲ್ಲಿ ಬಣ್ಣದ ಮಾತು ಕಡಿಮೆ, ಜೆಸಿಬಿ ಮಾತೇ ಜಾಸ್ತಿ. ಎಲ್ಲ ಊರಲ್ಲೂ ರಸ್ತೆ ಅಗಲ ಮಾಡುತ್ತಿದ್ದಾರೆ, ಎಲ್ಲ ಕಡೆ ಮೊದಲು ಬೀಳೋದು ಬೋರ್ಡು. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಮೀಸಲು.

ಹೊಸ ಓದುಗರಿಗೆ ಒಂದು ಮಾತು: ನಾನು ಮಂಡ್ಯದಲ್ಲಿ ಬೋರ್ಡ್ ಬರೆಯುವವನು. ತಗಡು, ಇನಾಮಲ್ ಬಣ್ಣ, ಕುಂಚದಲ್ಲಿ ಶುರು ಮಾಡಿ ಈಗ ಎಸಿಪಿ ಶೀಟು (ಎರಡು ಅಲ್ಯೂಮಿನಿಯಂ ಹಾಳೆ ನಡುವೆ ಪ್ಲಾಸ್ಟಿಕ್ ಇರುವ ಹಲಗೆ), ಅಕ್ರಿಲಿಕ್ ಅಕ್ಷರ, ಎಲ್‌ಇಡಿವರೆಗೆ ಬಂದಿದ್ದೇನೆ. ವಕೀಲನಲ್ಲ. ಕಾನೂನಿನ ಮಾತು ಬಂದಾಗ ಗಿರಾಕಿಗಳ ಜೊತೆ ಕಚೇರಿ ಕಚೇರಿ ಅಲೆದು ತಿಳಿದುಕೊಂಡಷ್ಟನ್ನು ಹೇಳುತ್ತೇನೆ. ದೊಡ್ಡ ಮೊತ್ತದ ವಿಷಯವಾದರೆ ವಕೀಲರ ಫೀಸಿಗೆ ಜುಗ್ಗತನ ಮಾಡಬೇಡಿ.

ಪ್ರಶ್ನೆ: ನಮ್ಮೂರ ಮುಖ್ಯರಸ್ತೆ ಅಗಲ ಮಾಡಲು ಟೇಪು ಹಿಡಿದು ಅಳೆದು, ಗೋಡೆಗೆ ಕೆಂಪು ಗುರುತು ಹಾಕಿ ಹೋಗಿದ್ದಾರೆ. ಅಂಗಡಿಯ ಮುಂಭಾಗ ಆರು ಅಡಿ ಹೋಗುತ್ತದೆ. ಎಪ್ಪತ್ತು ಸಾವಿರ ಕೊಟ್ಟು ಮಾಡಿಸಿದ ಬೋರ್ಡೂ ಅದರ ಜೊತೆಗೇ ಹೋಗುತ್ತದೆ. ನಾನು ಬಾಡಿಗೆದಾರ. ಪರಿಹಾರ ಸಿಗುತ್ತದಾ? ಬೋರ್ಡು ಯಾರು ಬಿಚ್ಚಬೇಕು?
— ಬಟ್ಟೆ ಅಂಗಡಿಯವರು, ಹಾಸನ ಜಿಲ್ಲೆ

ಉತ್ತರ: ಮೊದಲು ಆ ರಸ್ತೆ ಯಾರದ್ದು ಅಂತ ಕೇಳಿಕೊಳ್ಳಿ. ಅದೇ ಅರ್ಧ ಉತ್ತರ. ರಾಷ್ಟ್ರೀಯ ಹೆದ್ದಾರಿಯಾದರೆ 1956ರ ಹೆದ್ದಾರಿ ಕಾಯ್ದೆಯ 3ಎ ಕಲಂನಲ್ಲಿ ಅಧಿಸೂಚನೆ ಬರುತ್ತದೆ. ಅದು ಪ್ರಕಟವಾದ 21 ದಿನದೊಳಗೆ ಆಕ್ಷೇಪಣೆ ಕೊಡಬೇಕು. ನಮ್ಮ ಜನ ಆ 21 ದಿನವನ್ನು ಟೀ ಅಂಗಡಿ ಚರ್ಚೆಯಲ್ಲೇ ಕಳೆಯುತ್ತಾರೆ. ಆಮೇಲೆ ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಲು ಅವಕಾಶ ಇದೆ. ಬೇರೆ ರಸ್ತೆಗೆ ಭೂಸ್ವಾಧೀನ ಮಾಡಿದರೆ 2013ರ ಭೂಸ್ವಾಧೀನ ಕಾಯ್ದೆ. ಜಾಗದ ಬೆಲೆಯ ಜೊತೆಗೆ ಅದಕ್ಕೆ ಅಂಟಿಕೊಂಡ ಕಟ್ಟಡ, ಸ್ವತ್ತುಗಳ ಬೆಲೆಯನ್ನೂ ಎಂಜಿನಿಯರಿಂದ ಕಟ್ಟಿಸಿ ಸೇರಿಸಬೇಕು, ಅದರ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಕೊಡಬೇಕು ಅಂತ ಅದರಲ್ಲಿದೆ. 2015ರಿಂದ ಹೆದ್ದಾರಿಗೆ ಹೋದ ಜಾಗಕ್ಕೂ ಪರಿಹಾರದ ಲೆಕ್ಕ ಇದೇ.

ನಗರ ಪಾಲಿಕೆಯ ರಸ್ತೆಗಳಲ್ಲಿ ಇನ್ನೊಂದು ದಾರಿ ಉಂಟು. ದುಡ್ಡಿನ ಬದಲು ಟಿಡಿಆರ್ ಪತ್ರ, ಅಂದರೆ ಬಿಟ್ಟುಕೊಟ್ಟ ಜಾಗಕ್ಕೆ ಪ್ರತಿಯಾಗಿ ಬೇರೆ ಕಡೆ ಹೆಚ್ಚು ಕಟ್ಟುವ ಹಕ್ಕು. ಅದು ಮಾಲೀಕರಿಗೆ. ಬಾಡಿಗೆದಾರನ ಬೋರ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಪಟ್ಟಣದಲ್ಲಿ ಎಷ್ಟೋ ಸಲ ಇದು ಯಾವುದೂ ಇರುವುದಿಲ್ಲ. ‘ನೀವು ರಸ್ತೆ ಜಾಗಕ್ಕೆ ಬಂದಿದ್ದೀರಿ, ತೆರವು ಮಾಡಿ’ ಅಂತ ನೋಟಿಸ್ ಮಾತ್ರ. ನಿಮ್ಮ ಬೋರ್ಡು ನಿಜವಾಗಿಯೂ ಚರಂಡಿಯಾಚೆ ಚಾಚಿಕೊಂಡಿದ್ದರೆ ಅದಕ್ಕೆ ನಯಾಪೈಸೆ ಬರುವುದಿಲ್ಲ, ಆಸೆ ಬಿಡಿ. ಆದರೆ ಕಟ್ಟಡ ಮಾಲೀಕರ ಖಾತೆಯಲ್ಲಿರುವ ಅಳತೆಯೊಳಗೇ ಇದ್ದರೆ ಸುಮ್ಮನೆ ಬಿಡಬೇಡಿ. ಖಾತೆ, ನಕ್ಷೆ ತೆಗೆಸಿ, ಕೆಂಪು ಗುರುತು ಅದರಲ್ಲಿ ಎಲ್ಲಿ ಬರುತ್ತದೆ ನೋಡಿ.

ಈಗ ಬೋರ್ಡು. ಗೋಡೆಗೆ ಚೌಕಟ್ಟು ಬೆಸೆದಿದ್ದರೆ ಅದು ಕಟ್ಟಡಕ್ಕೆ ಅಂಟಿದ ಸ್ವತ್ತು ಅಂತ ನಾವು ವಾದಿಸುತ್ತೇವೆ. ‘ನಟ್ಟು ಬೋಲ್ಟು ತಾನೇ, ಬಿಚ್ಚಿಕೊಂಡು ಹೋಗಿ’ ಅಂತ ಅಧಿಕಾರಿಗಳು ಹೇಳುತ್ತಾರೆ. ಹಾಗೆ ಹೇಳಿದರೆ ಬಿಚ್ಚಿ ಮತ್ತೆ ಕೂರಿಸುವ ಖರ್ಚನ್ನು ಅರ್ಜಿಯಲ್ಲಿ ಬರೆದು ಕೇಳಿ. ಮಹಜರು ಬರೆಯುವ ದಿನ ಅಂಗಡಿಯಲ್ಲಿ ನೀವೇ ಇರಿ, ಹುಡುಗನನ್ನು ಕೂರಿಸಿ ಮದುವೆಗೆ ಹೋಗಬೇಡಿ. ‘ಮುಂಭಾಗದಲ್ಲಿ ಹದಿನೆಂಟು ಅಡಿ ಉದ್ದ, ಮೂರು ಅಡಿ ಎತ್ತರದ ಎಲ್‌ಇಡಿ ಬೋರ್ಡು’ ಅನ್ನುವ ಒಂದು ಸಾಲು ಮಹಜರಿನಲ್ಲಿ ಇಲ್ಲದಿದ್ದರೆ ಆ ಬೋರ್ಡು ಸರ್ಕಾರದ ಪಾಲಿಗೆ ಹುಟ್ಟಿಯೇ ಇಲ್ಲ. ಬೋರ್ಡ್ ಮಾಡಿಸಿದ ಜಿಎಸ್‌ಟಿ ಬಿಲ್ಲು, ಟೇಪು ಅಡ್ಡ ಹಿಡಿದು ತೆಗೆದ ಫೋಟೊ, ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್ ನಾಲ್ಕೂ ಒಂದೇ ಫೈಲಿನಲ್ಲಿರಲಿ. ಬಿಲ್ಲು ಇಲ್ಲದೆ ಬೋರ್ಡ್ ಮಾಡಿಸಿ ತೆರಿಗೆ ಉಳಿಸಿದೆ ಅಂತ ನಕ್ಕವರು ಈ ದಿನ ಅಳುತ್ತಾರೆ.

ಅಂಗಡಿಯನ್ನೇ ಖಾಲಿ ಮಾಡುವ ಸ್ಥಿತಿ ಬಂದರೆ 2013ರ ಕಾಯ್ದೆಯ ಎರಡನೇ ಅನುಸೂಚಿ ನೋಡಿ. ಸ್ವಾಧೀನದಿಂದ ನೆಲೆ ತಪ್ಪಿದ ಸಣ್ಣ ವ್ಯಾಪಾರಿ, ಕುಶಲಕರ್ಮಿ ಕುಟುಂಬಕ್ಕೆ ಕನಿಷ್ಠ 25,000 ರೂಪಾಯಿ ಒಂದು ಬಾರಿಯ ನೆರವು ಅಂತ ಇದೆ. ಮೂರು ವರ್ಷದಿಂದ ಅಲ್ಲೇ ದುಡಿದು ಬದುಕುತ್ತಿರುವ ಬಾಡಿಗೆದಾರರ ಕುಟುಂಬವೂ ‘ಬಾಧಿತ ಕುಟುಂಬ’ದ ವ್ಯಾಖ್ಯೆಯಲ್ಲಿ ಬರುತ್ತದೆ. ಕೇಳದವರಿಗೆ ಯಾರೂ ಮನೆ ಬಾಗಿಲಿಗೆ ತಂದು ಕೊಡುವುದಿಲ್ಲ.

ಬಿಚ್ಚುವ ಕೆಲಸ ಮಾತ್ರ ನೀವೇ ಮಾಡಿಸಿ. ಜೆಸಿಬಿ ಹಲ್ಲಿಗೆ ಸಿಕ್ಕ ಬೋರ್ಡು ಗುಜರಿಯವನಿಗೂ ಬೇಡ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಲೈನು ಕತ್ತರಿಸಿ ತುದಿಗೆ ಟೇಪ್ ಸುತ್ತಿಸಿ. ಎಷ್ಟೋ ಬೋರ್ಡುಗಳ ಹಿಂದೆ ಕರೆಂಟು ಹಾಗೇ ಹರಿಯುತ್ತಿರುತ್ತದೆ. ಆಮೇಲೆ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ, ಹಿಂದೆ ನಂಬರು ಬರೆದು, ಹಳೇ ಸೀರೆಯಲ್ಲಿ ಸುತ್ತಿಡಿ. ಅಕ್ರಿಲಿಕ್ ಅಕ್ಷರ, ಎಲ್‌ಇಡಿ ಮಾಡ್ಯೂಲು, ಪವರ್ ಸಪ್ಲೈ ಡಬ್ಬಿ, ಕಬ್ಬಿಣದ ಚೌಕ ಪೈಪು ಮತ್ತೆ ಬರುತ್ತವೆ. ಎಸಿಪಿ ಶೀಟು ಅಂಚು ಒಡೆಯದೆ ಬಿಚ್ಚುವುದು ಕಷ್ಟ. ಫ್ಲೆಕ್ಸ್ ಆಗಿದ್ದರೆ ಅದನ್ನು ಉಳಿಸುವ ಚಿಂತೆಯೇ ಬೇಡ.

ಇಷ್ಟೆಲ್ಲ ಆದ ಮೇಲೂ ಹೊಸ ಬೋರ್ಡನ್ನು ಕೂಡಲೇ ಹಾಕಬೇಡಿ. ಗೋಡೆ ಕೆಡವಿದ ಮೇಲೆ ಚರಂಡಿ, ಅದರ ಮೇಲೆ ಫುಟ್‌ಪಾತು, ಆಮೇಲೆ ಕಂಬ, ಕೇಬಲ್ಲು ಬರುತ್ತವೆ. ಟ್ರಾನ್ಸ್‌ಫಾರ್ಮರ್ ಎಲ್ಲಿ ನಿಲ್ಲುತ್ತದೆ ಅಂತ ಅದನ್ನು ನಿಲ್ಲಿಸುವವನಿಗೂ ಕೊನೇ ದಿನದವರೆಗೆ ಗೊತ್ತಿರುವುದಿಲ್ಲ. ನಮ್ಮ ಗಿರಾಕಿಯೊಬ್ಬರು ಅವಸರ ಮಾಡಿ, ಲಕ್ಷ ದಾಟಿದ ಬೋರ್ಡು ಹಾಕಿಸಿದರು. ಅದರ ನಟ್ಟನಡುವೆ ಕಂಬ ನೆಟ್ಟರು. ಹೆಸರಿನ ಮೊದಲ ಎರಡಕ್ಷರ ಆಚೆ, ಕೊನೆಯ ಎರಡಕ್ಷರ ಈಚೆ. ಈಗ ಅದೇ ಅವರ ಅಂಗಡಿಯ ಗುರುತು, ಅದು ಬೇರೆ ಮಾತು.

ಪ್ರಶ್ನೆ: ಹಾಗಾದರೆ ಕೆಲಸ ಮುಗಿಯುವವರೆಗೆ ಬೋರ್ಡೇ ಇಲ್ಲದೆ ಇರುವುದಾ? ಧೂಳಿನ ಮಧ್ಯೆ ಅಂಗಡಿ ತೆರೆದಿದೆಯೋ ಮುಚ್ಚಿದೆಯೋ ಅಂತಲೇ ಗೊತ್ತಾಗುವುದಿಲ್ಲ. ಒಂದು ಫ್ಲೆಕ್ಸ್ ಕಟ್ಟಿಬಿಡಲಾ?
— ಔಷಧಿ ಅಂಗಡಿಯವರು, ತುಮಕೂರು

ಉತ್ತರ: ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಚೀಲದ ಜೊತೆ ಸೇರಿಸಿ ನಿಷೇಧಿಸಿದೆ. ಬೀದಿಯಲ್ಲಿ ನೋಡಿದರೆ ಹಾಗೆ ಅನ್ನಿಸುವುದಿಲ್ಲ, ಒಪ್ಪುತ್ತೇನೆ. ಆದರೂ ನಾಲ್ಕಡಿ ಎರಡಡಿಯ ತಗಡಿನ ಮೇಲೆ ಕೈಯಲ್ಲಿ ಬರೆಸಿ. ಹಳದಿ ನೆಲಕ್ಕೆ ಕಪ್ಪು ಅಕ್ಷರ. ಅಂಗಡಿ ಹೆಸರಿಗಿಂತ ದೊಡ್ಡದಾಗಿ ‘ಅಂಗಡಿ ತೆರೆದಿದೆ’, ಕೆಳಗೆ ‘ದಾರಿ ಪಕ್ಕದ ಗಲ್ಲಿಯಿಂದ’ ಅಂತ ಬಾಣದ ಗುರುತು. ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯ್ತು. ಕೆಲಸ ಮುಂದೆ ಹೋದ ಹಾಗೆ ಬಾಣದ ದಿಕ್ಕನ್ನು ಅಳಿಸಿ ತಿರುಗಿಸಿಕೊಳ್ಳಬಹುದು. ಅದನ್ನು ಶಟರಿಗೋ ಕಿಟಕಿಗೋ ಕಟ್ಟಿ, ಗುತ್ತಿಗೆದಾರನ ಬ್ಯಾರಿಕೇಡಿಗೆ ಕಟ್ಟಬೇಡಿ. ರಾತ್ರಿ ಬ್ಯಾರಿಕೇಡು ಜಾಗ ಬದಲಿಸಿದರೆ ನಿಮ್ಮ ಬಾಣ ಪಕ್ಕದ ಮೆಡಿಕಲ್ಸಿನ ಕಡೆ ತೋರಿಸುತ್ತಿರುತ್ತದೆ.

ಪ್ರಶ್ನೆ: ನಮ್ಮದು ಚನ್ನಪಟ್ಟಣದ ಗೊಂಬೆ ಅಂಗಡಿ. ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಕಾರುಗಳು ತಾವಾಗಿಯೇ ನಿಲ್ಲುತ್ತಿದ್ದವು. ಬೈಪಾಸ್ ಆದ ಮೇಲೆ ವ್ಯಾಪಾರ ಬಿದ್ದುಹೋಯ್ತು. ಹೊಸ ಹೆದ್ದಾರಿಯ ಪಕ್ಕ ಸ್ನೇಹಿತರ ಹೊಲದಲ್ಲಿ ದೊಡ್ಡ ಬೋರ್ಡು ನಿಲ್ಲಿಸಬೇಕು ಅಂತಿದ್ದೇನೆ. ಎಷ್ಟು ದೊಡ್ಡದು ಬೇಕು?

ಉತ್ತರ: ಅಣ್ಣಾ, ನಿಮ್ಮ ಕಷ್ಟ ನನಗೆ ಬೇರೆಯವರು ಹೇಳಬೇಕಿಲ್ಲ. 2023ರ ಮಾರ್ಚ್ 12ರಂದು ಆ ಹೆದ್ದಾರಿಯನ್ನು ಪ್ರಧಾನಿಯವರು ಉದ್ಘಾಟಿಸಿದ್ದು ನಮ್ಮ ಮಂಡ್ಯದಲ್ಲೇ. ಬಿಡದಿಯ ತಟ್ಟೆ ಇಡ್ಲಿ, ರಾಮನಗರ, ನಿಮ್ಮ ಚನ್ನಪಟ್ಟಣ, ಮದ್ದೂರಿನ ವಡೆ, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಅದು ಪಕ್ಕಕ್ಕೆ ಸರಿಸಿ ಹೋಯ್ತು. ಅಂಗಡಿ ಒಡೆದವರಿಗೆ ಪರಿಹಾರವಾದರೂ ಉಂಟು. ನಿಮ್ಮ ಅಂಗಡಿಯ ಒಂದು ಹೆಂಚೂ ಅಲುಗಲಿಲ್ಲ, ಬೋರ್ಡು ಇದ್ದಲ್ಲೇ ಇದೆ, ಓದುವವರು ಮಾತ್ರ ಬೇರೆ ದಾರಿ ಹಿಡಿದರು. ಅದಕ್ಕೆ ಯಾವ ಕಾಯ್ದೆಯಲ್ಲೂ ಪರಿಹಾರದ ಕಲಂ ನಾನು ನೋಡಿಲ್ಲ.

ಅಳತೆಯ ಲೆಕ್ಕ ಹೇಳುತ್ತೇನೆ, ಆಮೇಲೆ ನೀವೇ ಯೋಚನೆ ಮಾಡಿ. ನಮ್ಮ ಕಸುಬಿನಲ್ಲಿ ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ ಅನ್ನುವುದು ರೂಢಿ, ಕಣ್ಣಿಗೆ ಶ್ರಮವಿಲ್ಲದೆ ಓದಬೇಕಾದರೆ. ಗಂಟೆಗೆ ನೂರು ಕಿಲೋಮೀಟರಿನ ಕಾರು ಸೆಕೆಂಡಿಗೆ ಸುಮಾರು 90 ಅಡಿ ಓಡುತ್ತದೆ. ಓದಿ, ‘ಲೇ, ಗೊಂಬೆ ತಗೊಳ್ಳೋಣ’ ಅಂತ ಹೆಂಡತಿ ಮಕ್ಕಳ ಹತ್ತಿರ ಒಂದು ಮಾತಾಡಲು ನಾಲ್ಕು ಸೆಕೆಂಡಾದರೂ ಬೇಕು. ಅಂದರೆ 360 ಅಡಿ ದೂರದಿಂದಲೇ ಕಾಣಬೇಕು, ಅಕ್ಷರ ಮೂರಡಿ ಎತ್ತರ ಇರಬೇಕು. ‘ಚನ್ನಪಟ್ಟಣ’ದಲ್ಲಿ ಎರಡು ಒತ್ತಕ್ಷರ ಇವೆ. ಒತ್ತು ಇಳಿಯಲು ಕೆಳಗೆ ಇನ್ನೂ ಒಂದೂವರೆ ಅಡಿ ಜಾಗ ಬಿಡಬೇಕು. ಒಂದೇ ಸಾಲಿಗೆ ಹತ್ತಿರತ್ತಿರ ಐದು ಅಡಿ ಆಯ್ತು. ಎರಡು ಸಾಲು ಬರೆದು, ಗೊಂಬೆಯ ಚಿತ್ರ ಹಾಕಿ, ಗಾಳಿಗೆ ತಡೆಯುವ ಕಂಬ, ಕಾಂಕ್ರೀಟಿನ ಬುಡ ಸೇರಿಸಿದರೆ ನಿಮ್ಮ ಒಂದು ವರ್ಷದ ಲಾಭ ಹೊಲದಲ್ಲಿ ನಿಲ್ಲುತ್ತದೆ. ಓದಿದವರು ಇಳಿಯುವ ದಾರಿ ದಾಟಿದ್ದರೆ ತಿರುಗಿ ಬರುವಂತೆಯೂ ಇಲ್ಲ.

ಅನುಮತಿಯ ಕಥೆ ಬೇರೆ. ಹೆದ್ದಾರಿಯ ಬೇಲಿಯೊಳಗೆ ನಿಮ್ಮ ಬೋರ್ಡಿಗೆ ಜಾಗವಿಲ್ಲ. ಹೊಲ ಸ್ನೇಹಿತರದ್ದೇ ಆದರೂ ಊರ ಹೊರಗಿನ ಬಯಲಿನಲ್ಲಿ ಹೆದ್ದಾರಿಯ ನಡುಗೆರೆಯಿಂದ 40 ಮೀಟರ್ ಕಟ್ಟಡ ರೇಖೆ (ಅದರೊಳಗೆ ಕಟ್ಟುವಂತಿಲ್ಲ), 75 ಮೀಟರ್ ನಿಯಂತ್ರಣ ರೇಖೆ (ಅಲ್ಲಿಯವರೆಗೆ ಕಟ್ಟಲು ನಿರ್ಬಂಧ) ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಇದೆ. ಅಷ್ಟು ದೂರ ಹಿಂದೆ ನಿಂತರೆ ಅಕ್ಷರ ಇನ್ನೂ ದೊಡ್ಡದು ಬೇಕು. ನನಗೆ ಆರ್ಡರ್ ಸಿಗುವ ಕೆಲಸ, ಆದರೂ ಬೇಡ ಅನ್ನುತ್ತೇನೆ.

ನಿಮ್ಮ ಈಗಿನ ಓದುಗರು ಯಾರು ನೋಡಿ. 2023ರ ಆಗಸ್ಟ್ 1ರಿಂದ ಬೈಕು, ಆಟೊಗಳಿಗೆ ಮುಖ್ಯ ಹೆದ್ದಾರಿಯ ಮೇಲೆ ಪ್ರವೇಶವಿಲ್ಲ. ಅವರೆಲ್ಲ ಹಳೇ ರಸ್ತೆಯಲ್ಲೇ ಬರುತ್ತಾರೆ. ಊರೊಳಗೆ ಬರುವ ಬಸ್ಸುಗಳಿವೆ, ಟೋಲ್ ಉಳಿಸುವ ಕಾರಿನವರೂ ಇದ್ದಾರೆ. ಇವರು ಮೂವತ್ತು ನಲವತ್ತರ ವೇಗದವರು. ಇವರಿಗೆ ಒಂದಡಿ ಚಿಲ್ಲರೆ ಅಕ್ಷರ ಸಾಕು. ‘ಗೊಂಬೆ ಅಂಗಡಿ, ನೆರಳಿದೆ, ಪಾರ್ಕಿಂಗ್ ಇದೆ, ಮಾಡುವುದನ್ನು ನೋಡಬಹುದು’ ಅಂತ ಬರೆಸಿ. ಅರಗಿನ ಬಣ್ಣ ಹಚ್ಚುತ್ತಾ ತಿರುಗುವ ಲೇತು ಬಾಗಿಲಲ್ಲೇ ಕಾಣುವ ಹಾಗೆ ಇಟ್ಟರೆ ಅದಕ್ಕಿಂತ ಒಳ್ಳೆ ಬೋರ್ಡನ್ನು ನಾನೂ ಮಾಡಿಕೊಡಲಾರೆ. ಕಾರಿನವರಿಗೆ ಮೊಬೈಲ್ ಮ್ಯಾಪಿನಲ್ಲಿ ಅಂಗಡಿಯ ಜಾಗ ಸರಿಯಾಗಿ ಗುರುತು ಮಾಡಿ, ಯಾವ ಇಳಿದಾರಿಯಲ್ಲಿ ಇಳಿಯಬೇಕು ಅಂತ ಅಲ್ಲೇ ಬರೆಯಿರಿ. ಅವರು ಓದುವ ಬೋರ್ಡು ಈಗ ಅದೇ.

ಪ್ರಶ್ನೆ: ಸರ್, ನಮ್ದು ಹುಬ್ಬಳ್ಳಿ, ಪಿ.ಬಿ. ರೋಡಿನ್ಯಾಗ ಬೇಕರಿ. ರೋಡ್ ಅಗಲ ಆಗಿ ನಡುವ ಬಿ.ಆರ್.ಟಿ.ಎಸ್. ಬಸ್ಸು (ಅದಕ್ಕಂತ ಬ್ಯಾರೆ ದಾರಿ) ಬಂದ ಮ್ಯಾಲೆ ಆ ಕಡೀ ಮಂದಿಗೆ ನಮ್ಮ ಬೋರ್ಡ್ ಛಲೋ ಕಾಣತೈತಿ, ಆದ್ರ ದಾಟಿ ಬರಾಂಗಿಲ್ಲ. ಏನ್ ಮಾಡೂಣು?

ಉತ್ತರ: ಆ ಕಡೆಯವರಿಗೆ ಬೋರ್ಡು ತೋರಿಸಿ ಹೊಟ್ಟೆ ಉರಿಸಬೇಡಿ ಸರ್, ಅವರನ್ನು ಬಿಟ್ಟುಬಿಡಿ. ಅಲ್ಲಿ ಬಸ್ ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಇಳಿದವರು ನಡೆದೇ ಬರಬೇಕು. ಅವರು ನಿಮ್ಮ ಫುಟ್‌ಪಾತಿಗೆ ಹತ್ತುವ ಜಾಗ ಯಾವುದು, ಒಂದು ಸಂಜೆ ನಿಂತು ನೋಡಿ. ನಡೆಯುವವರು ತಲೆ ಎತ್ತಿ ಹದಿನೈದಡಿ ಮೇಲೆ ನೋಡುವುದಿಲ್ಲ. ಶಟರಿನ ಪಕ್ಕದ ಗೋಡೆಯ ಮೇಲೆ, ಕಣ್ಣಿನ ಎತ್ತರಕ್ಕೆ, ಅವರು ಬರುವ ದಿಕ್ಕಿಗೆ ಮುಖ ಮಾಡಿ ಎರಡಡಿಯ ಬೋರ್ಡು ಸಾಕು. ಮೇಲಿನ ದೊಡ್ಡದನ್ನು ಸದ್ಯ ಹಾಗೇ ಬಿಡಿ, ಹೊಸದಕ್ಕೆ ಖರ್ಚು ಬೇಡ.

ಪ್ರಶ್ನೆ: ಕುಂದಾಪುರದ ಹತ್ತಿರ ನಮ್ಮ ಹೋಟೆಲ್ ಮಾರಾಯ್ರೆ. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥ ಆಗುವಾಗ ರಸ್ತೆ ಎತ್ತರಿಸಿದರು. ಈಗ ಹೋಟೆಲ್ ಹೊಂಡದಲ್ಲಿ ಕೂತ ಹಾಗೆ ಉಂಟು. ಬೋರ್ಡು ರಸ್ತೆಯಲ್ಲಿ ಹೋಗುವವರ ಮೊಣಕಾಲಿನ ಎತ್ತರಕ್ಕೆ ಬರುತ್ತದೆ, ಮಳೆಗಾಲದಲ್ಲಿ ಬಸ್ಸು ಹೋದರೆ ಅದರ ಮೇಲೆಲ್ಲ ಕೆಸರು. ತಾರಸಿ ಮೇಲೆ ಹಾಕಬಹುದಾ?

ಉತ್ತರ: ಹಾಕಬಹುದು, ಆದರೆ ನನ್ನಂಥವನನ್ನು ನಂಬಿ ಅಲ್ಲ. ತಾರಸಿಯ ಬೋರ್ಡು ನಿಮ್ಮ ಕಡಲ ಗಾಳಿಗೆ ಹಾಯಿಯ ಹಾಗೆ ಉಬ್ಬುತ್ತದೆ. ಹಳೇ ಕಟ್ಟಡದ ಪ್ಯಾರಾಪೆಟ್ಟಿಗೆ ಬೋಲ್ಟ್ ಹೊಡೆದು ನಿಲ್ಲಿಸಿದರೆ ಪ್ಯಾರಾಪೆಟ್ಟನ್ನೂ ಕರೆದುಕೊಂಡು ಕೆಳಗೆ ಬರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ಕಾಲಮ್ಮು ಎಲ್ಲಿದೆ ನೋಡಿ ಹೇಳಲಿ, ಪಂಚಾಯತಿಯದೋ ಪುರಸಭೆಯದೋ ಅನುಮತಿ ಆಗಲಿ, ಆಮೇಲೆ ವೆಲ್ಡರನ್ನು ಕರೆಯಿರಿ. ಗಾಳಿ ಹಾಯಲಿ ಅಂತ ಫ್ಲೆಕ್ಸಿಗೆ ತೂತು ಕೊರೆಯುವವರಿದ್ದಾರೆ. ಹರಿಯುವುದು ಅಲ್ಲಿಂದಲೇ. ಹಿಂಬದಿಯ ಹಲಗೆಯೇ ಇಲ್ಲದೆ ಅಡ್ಡ ಪೈಪಿನ ಮೇಲೆ ಬಿಡಿ ಅಕ್ಷರ ನಿಲ್ಲಿಸಿ, ಗಾಳಿ ಅಕ್ಷರಗಳ ನಡುವೆ ಹೋಗುತ್ತದೆ. ಉಪ್ಪು ಗಾಳಿಗೆ ಸಾದಾ ಕಬ್ಬಿಣ ಬೇಡ. ಕಲಾಯಿ ಮಾಡಿದ ಪೈಪು, ಸ್ಟೀಲಿನ ಸ್ಕ್ರೂ ಹಾಕಿಸಿ, ಬೆಸುಗೆ ಹಾಕಿದ ಜಾಗಕ್ಕೆಲ್ಲ ಮತ್ತೆ ಪ್ರೈಮರ್ ಬಳಿಸಿ, ತುಕ್ಕು ಶುರುವಾಗುವುದು ಅಲ್ಲಿಂದ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಕೆಳಗಿನ ಹಳೇ ಬೋರ್ಡನ್ನು ತೆಗೆದು ಆ ಜಾಗದಲ್ಲಿ ಒಳಗಿಳಿಯುವ ಇಳಿಜಾರನ್ನು ತೋರಿಸುವ ಬಾಣ, ರಾತ್ರಿಗೆ ಒಂದು ದೀಪ ಹಾಕಿ. ಹೊಂಡಕ್ಕೆ ಕಾರು ಇಳಿಸಲು ಜನ ಹೆದರುತ್ತಾರೆ. ನಿಮ್ಮ ಗಿರಾಕಿ ತಪ್ಪುತ್ತಿರುವುದು ಬೋರ್ಡಿಗಿಂತ ಆ ಹೆದರಿಕೆಯಿಂದ ಇರಬಹುದು.

ಪ್ರಶ್ನೆ: ರಸ್ತೆ ಅಗಲವಾದ ಮೇಲೆ ಹೊಸ ಬೋರ್ಡು ಮಾಡಿಸುತ್ತಿದ್ದೇನೆ. ಕನ್ನಡ ಶೇಕಡಾ 60 ಇರಬೇಕು ಅನ್ನುತ್ತಾರೆ. ಡಿಸೈನರ್ ಹುಡುಗ ಇಂಗ್ಲಿಷ್ ಚೆನ್ನಾಗಿ ಕೂರುತ್ತದೆ, ಕನ್ನಡ ದೂರಕ್ಕೆ ಕಾಣುವುದಿಲ್ಲ ಅನ್ನುತ್ತಾನೆ.
— ಮೊಬೈಲ್ ಅಂಗಡಿಯವರು, ಬೆಂಗಳೂರು

ಉತ್ತರ: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿ ಇರಬೇಕು. ಹೊಸದಾಗಿ ಮಾಡಿಸುವಾಗಲೇ ಪಾಲಿಸಿದರೆ ಎರಡನೇ ಖರ್ಚು ಉಳಿಯಿತು.

ಹುಡುಗ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಎರಡಡಿಯ ಪಟ್ಟಿ ಕೊಟ್ಟರೆ ಇಂಗ್ಲಿಷಿನ ದೊಡ್ಡಕ್ಷರ ಅದನ್ನು ಪೂರ್ತಿ ತುಂಬುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ನಡುವೆ ಉಳಿಯುವ ಅಕ್ಷರದ ಮೈ ಒಂದಡಿ ಚಿಲ್ಲರೆ. ಎರಡು ಭಾಷೆಗೂ ಸಮ ಸಮ ಎತ್ತರ ಅಳೆದು ಕೊಟ್ಟು, ಆಮೇಲೆ ಕನ್ನಡ ಕಾಣುವುದಿಲ್ಲ ಅಂದರೆ ಅದು ಅಳೆದವನ ತಪ್ಪು. ಶೇ 60 ಜಾಗ ಕೊಟ್ಟು ನೋಡಿ, ಎರಡೂ ದೂರಕ್ಕೆ ಒಂದೇ ಸಮ ಕಾಣುತ್ತವೆ. ದಪ್ಪ ಫಾಂಟಿನಲ್ಲಿ ‘ಷ’, ‘ಪ’ದ ಹೊಟ್ಟೆಯ ತೂತು ಮುಚ್ಚಿಹೋಗುತ್ತದೆ. ರಾತ್ರಿ ಎಲ್‌ಇಡಿ ಹೊತ್ತಿದಾಗ ಪೂರ್ತಿ ಬೆಳಕಿನ ಉಂಡೆಯೇ. ಮಧ್ಯಮ ದಪ್ಪದ ಅಕ್ಷರ ಆರಿಸಿ, ಅಕ್ಷರದ ನಡುವೆ ಜಾಗ ಬಿಡಿಸಿ. ಎಂಬತ್ತು ಅಡಿ ರಸ್ತೆಯಾಗಿದ್ದರೆ ಎದುರು ಬದಿಯಿಂದ ಓದಲು ಅಕ್ಷರದ ಮೈಯೇ ಎಂಟು ಒಂಬತ್ತು ಇಂಚು ಇರಬೇಕು. ಮೊದಲಿನ ಮೂವತ್ತಡಿ ರಸ್ತೆಗೆ ಮಾಡಿದ ಡಿಸೈನನ್ನೇ ಹಿಗ್ಗಿಸಬೇಡಿ. ಫೋನ್ ನಂಬರು, ಮಾಲೀಕರ ಹೆಸರು, ‘ಸ್ಥಾಪನೆ’ ಇಸವಿ ಎಲ್ಲ ಬಾಗಿಲ ಗಾಜಿಗೆ ಹೋಗಲಿ. ದಾಖಲೆಗೆ ಬೇಕಾದ ಹೆಸರು ಮಾತ್ರ ಲೈಸೆನ್ಸಿನಲ್ಲಿ ಇರುವಂತೆಯೇ ಇರಲಿ.

ಪ್ರಶ್ನೆ: ರಸ್ತೆಗಾಗಿ ಅಂಗಡಿ ಮುಂದಿನ ಮರ ಕಡಿದರು. ಆರು ತಿಂಗಳಲ್ಲಿ ನಮ್ಮ ಬೋರ್ಡಿನ ಕೆಂಪು ಬಣ್ಣ ಬಿಳುಚಿ ಹೋಯ್ತು, ನೀಲಿ ಹಾಗೇ ಇದೆ. ಮಾಡಿದವನು ಮೋಸ ಮಾಡಿದನಾ?
— ಕೊಪ್ಪಳ

ಉತ್ತರ: ಮೋಸ ಅಂತ ಹೇಳಲಾಗದು. ಪ್ರಿಂಟ್ ಆದ ಬೋರ್ಡಿನಲ್ಲಿ ಬಿಸಿಲಿಗೆ ಮೊದಲು ಸೋಲುವುದು ಕೆಂಪು, ಹಳದಿ. ಮರ ಇದ್ದಾಗ ಅದರ ನೆರಳು ನಿಮ್ಮ ಬೋರ್ಡಿಗೆ ಪುಕ್ಕಟೆ ಲ್ಯಾಮಿನೇಷನ್ ಆಗಿತ್ತು. ಪಶ್ಚಿಮಕ್ಕೆ ಮುಖ ಇದ್ದರೆ ಇನ್ನೂ ಬೇಗ ಹೋಗುತ್ತದೆ. ಮುಂದಿನ ಸಲ ಪ್ರಿಂಟ್ ಬೇಡ, ಬಣ್ಣವೇ ಮೈಯಾಗಿರುವ ಅಕ್ರಿಲಿಕ್ಕಿನ ಅಕ್ಷರ ಕತ್ತರಿಸಿ ಅಂಟಿಸಲು ಹೇಳಿ. ಮರ ನೆಡಲು ಜಾಗ ಉಳಿದಿದ್ದರೆ ನೆಡಿ, ಬೋರ್ಡಿನ ನೇರಕ್ಕೆ ಬೇಡ, ಒಂದು ಬದಿಗೆ.

ಪ್ರಶ್ನೆ: ನಮ್ಮಮ್ಮ ಹದಿನೈದು ವರ್ಷದಿಂದ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಾರೆ. ಗಾಡಿಗೆ ಸಣ್ಣ ಬೋರ್ಡೂ ಇದೆ. ರಸ್ತೆ ಕೆಲಸ ಅಂತ ನಾಳೆಯೇ ಜಾಗ ಬಿಡಿ ಅನ್ನುತ್ತಿದ್ದಾರೆ.
— ಮೈಸೂರು

ಉತ್ತರ: ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಲ್ಲಿ 30 ದಿನದ ನೋಟಿಸ್ ಕೊಡದೆ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ, ಬೇರೆಡೆಗೆ ಸ್ಥಳಾಂತರಿಸುವಂತೆಯೂ ಇಲ್ಲ. ಅಮ್ಮನ ಹತ್ತಿರ ವ್ಯಾಪಾರಿ ಗುರುತಿನ ಚೀಟಿ ಇದೆಯಾ ನೋಡಿ. ಇದ್ದರೆ ಅದರ ನಕಲಿನೊಂದಿಗೆ ಪಾಲಿಕೆಯ ಪಟ್ಟಣ ಮಾರಾಟ ಸಮಿತಿಗೆ ಇವತ್ತೇ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬದಲಿ ಜಾಗ ಎಲ್ಲಿ ಅಂತ ಅರ್ಜಿಯಲ್ಲೇ ಕೇಳಿ. ಬಾಯಿಮಾತಿನಲ್ಲಿ ಬಂದವರಿಗೆ ‘ನೋಟಿಸ್ ಬರಹದಲ್ಲಿ ಕೊಡಿ ಸ್ವಾಮಿ’ ಅನ್ನಿ, ಜಗಳ ಬೇಡ. ಜಾಗ ಬದಲಾದ ಮೇಲೆ ಗಾಡಿಯ ಬೋರ್ಡನ್ನು ನನಗೆ ಕಳಿಸಿ. ‘ಮೊದಲು ಇಂಥ ಕಡೆ ಇದ್ದವರು’ ಅಂತ ಒಂದು ಸಾಲು ಸೇರಿಸಿ ಕೈಯಲ್ಲೇ ಬರೆದುಕೊಡುತ್ತೇನೆ, ದುಡ್ಡು ಬೇಡ.

(ಮುಂದಿನ ಸಂಚಿಕೆಗೆ ಪ್ರಶ್ನೆ ಕಳಿಸುವವರು ಬೋರ್ಡಿನ ಅಗಲ, ಎತ್ತರ, ಮುಖ ಯಾವ ದಿಕ್ಕಿಗೆ, ಎದುರಿನ ರಸ್ತೆ ಎಷ್ಟಡಿ ಅಂತ ತಪ್ಪದೆ ಬರೆಯಿರಿ. ಫೋಟೊವನ್ನು ರಸ್ತೆಯ ಆಚೆ ಬದಿಯಿಂದ ತೆಗೆಯಿರಿ.)